ಅಯ್ಯಾವೊಳೆಯ ಐನೂರ್ವರು: ವಾಣಿಜ್ಯವೂ ಧರ್ಮವೂ

ಧರ್ಮವು ಮಠಮಂದಿರಗಳಿಗೆ ಸೇರಿದುದು, ವಾಣಿಜ್ಯವು ಪೇಟೆಗೆ ಸೇರಿದುದು, ಇವೆರಡಕ್ಕೂ ಸಂಬಂಧವಿಲ್ಲವೆಂದು ಹಲವರು ಭಾವಿಸುವುದುಂಟು. ಪರಲೋಕದ ಚಿಂತೆಯೇ ನಮ್ಮ ಜನರನ್ನು ಅರ್ಥಸಂಪಾದನೆಯಿಂದ ವಿಮುಖರನ್ನಾಗಿ ಮಾಡಿತೆಂಬ ಆಕ್ಷೇಪವೂ ಆಗಾಗ ಕೇಳಿಬರುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಅರಿಯಬೇಕಾದರೆ ಕನ್ನಡನಾಡಿನ ಶಾಸನಗಳನ್ನು ನೋಡುವುದು ಲೇಸು.

ಮಲಪ್ರಭೆಯ ದಡದ ಐಹೊಳೆಯನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ರವಿಕೀರ್ತಿಯು 634ರಲ್ಲಿ ಕಟ್ಟಿಸಿದ ಮೇಗುತಿಯ ಜಿನಾಲಯವು ಅಲ್ಲಿನ ಗುಡ್ಡದ ಮೇಲಿದೆ. ಇಂದು ಗುಡಿಗಳ ನಡುವಣ ಸಣ್ಣ ಹಳ್ಳಿಯಾಗಿರುವ ಈ ಊರಿನ ಹೆಸರನ್ನು ಹೊತ್ತು ‘ಅಯ್ಯಾವೊಳೆಯ ಐನೂರ್ವರು’ ಎಂಬ ವರ್ತಕಸಂಘವು ದಕ್ಷಿಣದೇಶವನ್ನೆಲ್ಲ ವ್ಯಾಪಿಸಿತು. ಶಿಕಾರಿಪುರ ಸೀಮೆಯ 11ನೆಯ ಶತಮಾನದ ಶಾಸನವೊಂದು ಇವರು ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ ಮೊದಲಾದ ದೇಶಗಳಲ್ಲಿ ನೆಲದ ದಾರಿಯಿಂದಲೂ ಜಲದ ದಾರಿಯಿಂದಲೂ ಸಂಚರಿಸಿ, ಆನೆ, ಕುದುರೆ, ರತ್ನ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರಗಳ ವ್ಯಾಪಾರವನ್ನು ನಡೆಸುತ್ತಿದ್ದರೆಂದು ವರ್ಣಿಸುತ್ತದೆ. ಇದು ಬರಿಯ ಕವಿಸಮಯವಲ್ಲ. ಕರ್ಪೂರಕ್ಕೆ ಹೆಸರಾದ ಸುಮಾತ್ರಾ ದ್ವೀಪದ ಬರೂಸ್ ಬಳಿಯಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ.

ಇಲ್ಲಿ ಒಂದು ಪ್ರಶ್ನೆಯು ಏಳುತ್ತದೆ. ಒಬ್ಬ ಅರಸನ ಆಜ್ಞೆಯು ಅವನ ಗಡಿಯಾಚೆಗೆ ನಡೆಯದಿದ್ದ ಕಾಲದಲ್ಲಿ, ಭಾಷೆ ಬೇರೆ, ಕುಲ ಬೇರೆಯಾದ ವರ್ತಕರು ಒಬ್ಬರನ್ನೊಬ್ಬರು ನಂಬಿದುದು ಹೇಗೆ? ಸಂಘದವರು ಇದಕ್ಕೆ ಕೊಟ್ಟ ಉತ್ತರವೆಂದರೆ ‘ವೀರಬಣಂಜುಧರ್ಮ’. ಅದನ್ನು ಪಾಲಿಸುವವರೆಂದೂ, ಐಹೊಳೆಯ ಭಗವತಿಯ ಮಕ್ಕಳೆಂದೂ ಅವರು ತಮ್ಮನ್ನು ಕರೆದುಕೊಂಡರು. ಹೀಗೆ ವ್ಯಾಪಾರದ ಕಟ್ಟಳೆಯೇ ವ್ರತವಾಯಿತು. ಮಾತಿಗೆ ತಪ್ಪಿದವನು ಲಾಭವನ್ನಷ್ಟೇ ಅಲ್ಲ, ಬಳಗವನ್ನೂ ದೇವತೆಯ ಆಶ್ರಯವನ್ನೂ ಕಳೆದುಕೊಳ್ಳುವಂತಾಯಿತು.

ಈ ವ್ರತಕ್ಕೆ ದೇವಾಲಯವೇ ಸಾಕ್ಷಿ. ಅಡಕೆ, ವೀಳೆಯದೆಲೆ, ಮೆಣಸುಗಳ ಒಂದೊಂದು ಹೇರಿಗೂ ಇಂತಿಷ್ಟೆಂದು ವರ್ತಕರು ತಮ್ಮ ಮೇಲೆ ತಾವೇ ಆಯವನ್ನು ವಿಧಿಸಿಕೊಂಡು ಗುಡಿಗೆ ಬಿಡುತ್ತಿದ್ದರು. ಆ ಕಟ್ಟಳೆಯನ್ನು ಕಲ್ಲಿನಲ್ಲಿ ಕೆತ್ತಿಸಿ, ಅಳಿದವರಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪವೆಂದು ಬರೆಯಿಸುತ್ತಿದ್ದರು. ನಂದಾದೀವಿಗೆಗಾಗಿ ದಾನವಾಗಿ ಬಂದ ಗದ್ಯಾಣಗಳನ್ನು ನಗರದ ಸೆಟ್ಟಿಗಳ ಕೈಯಲ್ಲಿರಿಸಿ, ಬಡ್ಡಿಯಿಂದ ಎಣ್ಣೆಯನ್ನು ಸಲ್ಲಿಸುವ ಪದ್ಧತಿಯೂ ಇದ್ದಿತು. ಮೂಲಧನವು ವ್ಯಾಪಾರದಲ್ಲಿ ತಿರುಗುತ್ತಿತ್ತು, ದೀಪವು ಗರ್ಭಗುಡಿಯಲ್ಲಿ ಉರಿಯುತ್ತಿತ್ತು. ಆ ಸಂಪತ್ತಿನ ಪಾಲು ವಿದ್ಯೆಗೂ ಅನ್ನಕ್ಕೂ ಹರಿಯಿತು. ಬಳ್ಳಿಗಾವೆಯೆಂಬ ವ್ಯಾಪಾರಪಟ್ಟಣದ ಕೋಡಿಯ ಮಠವು ವೇದಶಾಸ್ತ್ರಗಳ ಪಾಠಕ್ಕೂ, ದೀನರಿಗೆ ಅನ್ನಕ್ಕೂ, ರೋಗಿಗಳ ಚಿಕಿತ್ಸೆಗೂ ಸ್ಥಾನವಾಗಿತ್ತೆಂದು 1162ರ ಶಾಸನವು ಸಾರುತ್ತದೆ.

ವರ್ತಕರ ಧರ್ಮವು ಒಂದೇ ಮತದ ಸೊತ್ತಾಗಿರಲಿಲ್ಲವೆಂಬುದು ಗಮನಾರ್ಹವಾಗಿದೆ. ಈಗಿನ ಗದಗ ಜಿಲ್ಲೆಯ ಡಂಬಳದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಬೌದ್ಧವಿಹಾರವನ್ನು ಕಟ್ಟಿಸಿದ್ದರೆಂದು 1095ರ ಶಾಸನದಿಂದ ತಿಳಿಯುತ್ತದೆ. ಶೈವ, ವೈಷ್ಣವ, ಜೈನ ಗುಡಿಗಳಿಗೂ ವರ್ತಕರ ದಾನವು ಸಲ್ಲುತ್ತಿತ್ತು.

ಆದರೆ ಸತ್ಯದ ಇನ್ನೊಂದು ಮುಖವನ್ನು ಮರೆಮಾಡುವುದು ನ್ಯಾಯವಲ್ಲ. ಈ ಸಂಘದ ಸಾರ್ಥಗಳಿಗೆ ಆಯುಧ ಹಿಡಿದ ಕಾವಲಿದ್ದಿತು. ದಾನವು ಪುಣ್ಯದೊಡನೆ ಕೀರ್ತಿಯನ್ನೂ ಅರಸರ ಒಲವನ್ನೂ ತರುತ್ತಿತ್ತು. ಸೆಟ್ಟಿಗಳ ಬಿರುದಾವಳಿಯನ್ನು ವಿಸ್ತಾರವಾಗಿ ಹೇಳುವ ಕಲ್ಲುಗಳು ಹೇರು ಹೊತ್ತವನ ಹೆಸರನ್ನು ಬಹುಮಟ್ಟಿಗೆ ಹೇಳವು. ದುಡಿಮೆಗೇ ಪೂಜೆಯ ಪದವಿಯನ್ನಿತ್ತು, ಅಂಬಿಗ ಮಾದಾರರನ್ನೂ ಒಂದೇ ಪಂಕ್ತಿಗೆ ಕರೆದ ಶರಣರ ಕಾಯಕತತ್ತ್ವವು 12ನೆಯ ಶತಮಾನದ ಕಲ್ಯಾಣದಲ್ಲಿ ಹುಟ್ಟಿದುದು ಈ ಕೊರತೆಗೆ ತಕ್ಕ ಪ್ರತ್ಯುತ್ತರವೆಂದು ನಮಗೆ ತೋರುತ್ತದೆ.

ಧರ್ಮವು ನಮ್ಮ ಹಿರಿಯರ ವಾಣಿಜ್ಯವನ್ನು ಕೆಡಿಸಲಿಲ್ಲ. ಕಡಲಾಚೆಗೂ ನಡೆಯುವ ನಂಬಿಕೆಯನ್ನು ಅದಕ್ಕೆ ಒದಗಿಸಿತು. ಆದರೆ ಆ ನಂಬಿಕೆಯ ಬೆಲೆಯನ್ನು ಅವರು ಮೊದಲು ತಮ್ಮ ಹೇರಿನಿಂದಲೇ ತೆತ್ತರು. ಸಂಸ್ಥೆಗಳನ್ನು ಕಟ್ಟುವವರು ದೇವರ ಹೆಸರನ್ನು ಹಲಗೆಯ ಮೇಲೆ ಬರೆಯಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.