ಎಂಜಿನ್ ಬಿಚ್ಚಿದ ಮೇಲೆ ಯಾವ ಪೇಸ್ಟ್ ಎಲ್ಲಿಗೆ? ಪಂಪ್‌ಸೆಟ್‌ನಿಂದ ದೋಣಿ ಮೋಟಾರ್‌ವರೆಗೆ

ಮಾಗಳ (ಹೂವಿನಹಡಗಲಿ): ತುಂಗಭದ್ರಾ ಹೊಳೆಗೆ ನೀರು ಬಂದಾಗ ದಂಡೆ ಮೇಲಿನ ಪಂಪ್‌ಸೆಟ್ ಮುಳುಗೋದು ಇಲ್ಲಿನ ರೈತರಿಗೆ ಹೊಸದಲ್ಲ. ನೀರು ಇಳಿದ ಮೇಲೆ ಎಂಜಿನ್ ಬಿಚ್ಚಿಸಿ, ರಿಂಗ್, ಬೇರಿಂಗ್ ಅಂತ ಸಾವಿರಾರು ರೂಪಾಯಿ ಸುರಿದು ಕೂಡಿಸ್ತಾರೆ. ತಿಂಗಳೊಳಗೆ ಆಯಿಲ್ ಸೋರೋಕೆ ಶುರುವಾದರೆ ಬೈಗುಳ ಸ್ಪೇರ್ ಪಾರ್ಟ್‌ಗೆ. ಬಹಳ ಸಲ ತಪ್ಪು ಇರೋದು ಎರಡು ಮುಖಗಳ ನಡುವೆ ಹಚ್ಚಿದ ಪೇಸ್ಟ್‌ನಲ್ಲಿ.

ಈ ವಿಷಯ ಸರಿಯಾಗಿ ಅರ್ಥ ಆಗೋದು ದೋಣಿ ಹಿಂದೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ನೋಡಿದಾಗ. ನಮ್ಮ ಹೊಳೆಯಲ್ಲಿ ಹರಿಗೋಲೇ ಹೆಚ್ಚು. ಆದರೆ ನೆರೆ ಬಂದಾಗ ಅಗ್ನಿಶಾಮಕ ದಳದವರು ತರುವ ರಬ್ಬರ್ ದೋಣಿಗೆ, ಮಲ್ಪೆ, ಗಂಗೊಳ್ಳಿ ಕಡೆಯ ನಾಡದೋಣಿಗೆ ಇರೋದು ಈ ಎಂಜಿನ್ನೇ. ಪಂಪ್‌ಸೆಟ್ ಸೋರಿದರೆ ಆಯಿಲ್ ಹೋಗ್ತದೆ, ಒಂದು ದಿನ ನೀರು ಹಾಯಿಸೋದು ತಪ್ತದೆ. ನಡು ಹೊಳೆಯಲ್ಲಿ ದೋಣಿ ಎಂಜಿನ್ ಹಿಡಿದುಕೊಂಡರೆ ದೋಣಿಯಲ್ಲಿ ಕೂತವರ ಜೀವದ ಪ್ರಶ್ನೆ.

ಪೇಪರ್ ಪ್ಯಾಕಿಂಗ್ ಇಲ್ಲದ ಜಾಗ

ಟೂ-ಸ್ಟ್ರೋಕ್ ದೋಣಿ ಎಂಜಿನ್‌ನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸ್‌ಗೆ ಬಂದು, ಅಲ್ಲಿಂದ ಪಿಸ್ಟನ್ ಮೇಲಕ್ಕೆ ಹೋಗ್ತದೆ. ಕ್ರ್ಯಾಂಕ್‌ಕೇಸ್‌ನ ಎರಡು ಹೋಳುಗಳ ನಡುವೆ ಕೂದಲೆಳೆ ಸಂದು ಇದ್ದರೂ ಹೊರಗಿನ ಗಾಳಿ ಒಳಗೆ ಎಳೆದುಕೊಳ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆ ಆದರೆ ಅದರ ಜೊತೆ ಬರುವ ಆಯಿಲೂ ಕಡಿಮೆ. ಪಿಸ್ಟನ್ ಕಾದು ಬೋರ್‌ಗೆ ಕಚ್ಚಿಕೊಳ್ತದೆ.

ಅಲ್ಲಿ ಪೇಪರ್ ಪ್ಯಾಕಿಂಗ್ ಯಾಕೆ ಹಾಕಲ್ಲ? ಎರಡೂ ಹೋಳು ಕೂಡಿಸಿಟ್ಟೇ ಬೇರಿಂಗ್ ಜಾಗ ಕೊರೆದಿರ್ತಾರೆ. ನಡುವೆ ಕಾಗದ ಬಂದರೆ ಆ ರಂಧ್ರ ದುಂಡಗೆ ಉಳಿಯಲ್ಲ. ಅದಕ್ಕೇ ಅನೇಕ ಎಂಜಿನ್‌ಗಳಲ್ಲಿ ಅನೆರೋಬಿಕ್ ಸೀಲೆಂಟ್ ಬಳಸ್ತಾರೆ. ಲಾಕ್ಟೈಟ್ 518 ಇದೇ ಜಾತಿಯದು. ಗಾಳಿ ಸಿಗದೆ, ಲೋಹ ತಾಗಿದಾಗ ಮಾತ್ರ ಇದು ಗಟ್ಟಿ ಆಗ್ತದೆ. ಹೊರಗೆ ಉಳಿದದ್ದು ಹಸಿಯಾಗೇ ಇರ್ತದೆ, ಒರೆಸಿದರೆ ಹೋಗ್ತದೆ.

ಅಂಗಡಿಯವರಿಗೆ ಒಂದು ಮಾತು. ಈ ಜಾತಿಯ ಬಾಟಲಿ ಪೂರ್ತಿ ತುಂಬಿರಲ್ಲ, ಮೇಲೆ ಜಾಗ ಖಾಲಿ ಇರ್ತದೆ. ಗಿರಾಕಿ 'ಅರ್ಧ ಖಾಲಿ ಮಾಡಿ ಕೊಟ್ಟೀರಿ' ಅಂತ ಜಗಳಕ್ಕೆ ಬಂದರೆ ಹೇಳಬೇಕಾದ್ದು ಇಷ್ಟೆ: ಒಳಗೆ ಗಾಳಿ ಇದ್ದರೇನೇ ಅದು ಬಾಟಲಿಯಲ್ಲಿ ಗಟ್ಟಿ ಆಗದೆ ಉಳಿಯೋದು. ಲೋಹಕ್ಕೆ ತಾಗಿ ಉಳಿದದ್ದನ್ನು ವಾಪಸ್ ಬಾಟಲಿಗೆ ಸುರಿದರೆ ಪೂರ್ತಿ ಮಾಲು ಹಾಳಾಗ್ತದೆ.

ಸಿಲಿಕಾನ್ ಎಲ್ಲದಕ್ಕೂ ಅಲ್ಲ

ನಮ್ಮ ಕಡೆ ಹೆಚ್ಚು ಖರ್ಚಾಗೋದು ಟ್ಯೂಬಿನಲ್ಲಿ ಬರುವ ಸಿಲಿಕಾನ್ ಪೇಸ್ಟ್. ಇದು ಉಲ್ಟಾ ಜಾತಿ, ಗಾಳಿಯಲ್ಲಿರುವ ತೇವ ಸಿಕ್ಕಾಗ ಗಟ್ಟಿ ಆಗೋದು. ಆಯಿಲ್ ಸಂಪ್, ಟ್ಯಾಪೆಟ್ ಕವರ್‌ಗೆ ಚಲೋ. ಪೆಟ್ರೋಲ್ ತಾಗುವ ಜಾಗದಲ್ಲಿ ಉಬ್ಬಿ ಮೆತ್ತಗಾಗ್ತದೆ. 'ಎರಡು ಗೆರೆ ಜಾಸ್ತಿ ಇರಲಿ' ಅಂತ ಎಳೆದರೆ ಬೋಲ್ಟ್ ಬಿಗಿದಾಗ ಅದು ಒಳಗೂ ಹಿಂಡಿಕೊಂಡು ಬರ್ತದೆ. ತುಂಡಾಗಿ ಆಯಿಲ್ ದಾರಿಯಲ್ಲಿ ಸಿಕ್ಕಿಕೊಂಡರೆ ಬೇರಿಂಗ್ ಸುಡ್ತದೆ. ತೆಳ್ಳಗೆ ಒಂದೇ ಎಳೆ, ಬೋಲ್ಟ್ ರಂಧ್ರದ ಒಳಬದಿಯಿಂದ, ಸಾಕು. ಮೇಲೆ ಕೆನೆ ಕಟ್ಟೋದರೊಳಗೆ ಕೂಡಿಸಬೇಕು, ಪೂರ್ತಿ ಗಟ್ಟಿ ಆಗೋಕೆ ಸುಮಾರು 24 ತಾಸು ಬಿಡಬೇಕು. ಸಂಜೆ ಕೂಡಿಸಿ ರಾತ್ರಿ ಕರೆಂಟ್ ಇಲ್ಲ ಅಂತ ಆಗಲೇ ಎಂಜಿನ್ ಚಾಲೂ ಮಾಡಿದರೆ ಸೋರದೆ ಇನ್ನೇನಾಗ್ತದೆ?

ಹಳೇ ಮೆಕ್ಯಾನಿಕ್‌ಗಳ ನೆಚ್ಚಿನದು ಶೆಲ್ಯಾಕ್, ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಡೀಸೆಲ್, ಆಯಿಲ್‌ಗೆ ಜಗ್ಗಲ್ಲ. ಆದರೆ ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ಗೆ 20% ವರೆಗೆ ಎಥೆನಾಲ್ ಬೆರೆಸ್ತಾರೆ. ಎಥೆನಾಲ್ ಅಂದರೆ ಅದೇ ಸ್ಪಿರಿಟ್. ಹಾಗಾಗಿ ಕಾರ್ಬುರೇಟರ್ ಕಡೆ ಶೆಲ್ಯಾಕ್ ಬೇಡ.

ಡೀಸೆಲ್ ಪಂಪ್‌ಸೆಟ್‌ನವರು ಇನ್ನೊಂದು ನೋಡಬೇಕು. ಸಿಲಿಂಡರ್ ಬುಡದ ಶಿಮ್, ಬೇರಿಂಗ್ ಹೌಸಿಂಗ್‌ನ ಶಿಮ್ ಬರೀ ಸೋರದಂತೆ ತಡೆಯೋಕಲ್ಲ, ಪಿಸ್ಟನ್‌ಗೂ ಹೆಡ್‌ಗೂ ನಡುವಿನ ಸಂದು, ಕ್ರ್ಯಾಂಕ್‌ನ ಆಟ ಇವುಗಳ ಅಳತೆ ಅಲ್ಲೇ ಇರ್ತದೆ. ಅಲ್ಲಿ ದಪ್ಪ ಪೇಸ್ಟ್ ಮೆತ್ತಿದರೆ ಅಳತೆ ತಪ್ತದೆ. ಹೆಡ್ ಪ್ಯಾಕಿಂಗ್‌ಗೂ ಕಂಪನಿ ಪುಸ್ತಕದಲ್ಲಿ ಹೇಳದ ಹೊರತು ಏನೂ ಹಚ್ಚೋ ಹಾಗಿಲ್ಲ.

ಪ್ರೈಮರ್ ಅಂದರೆ ಯಾವುದು?

ಅಂಗಡಿಯಲ್ಲಿ 'ಪ್ರೈಮರ್ ಕೊಡ್ರಿ' ಅಂದರೆ ರೆಡ್ ಆಕ್ಸೈಡ್ ಡಬ್ಬಿ ಕೈಗೆ ಬರ್ತದೆ. ಅದು ಕಬ್ಬಿಣದ ಗೇಟಿಗೆ ಬಣ್ಣದ ಮೊದಲು ಬಳಿಯೋದು. ದೋಣಿ ಎಂಜಿನ್‌ನ ಅಲ್ಯೂಮಿನಿಯಂ ಹೊರಮೈಗೆ ಅದು ಹಿಡಿಯಲ್ಲ, ಎಚ್ ಪ್ರೈಮರ್ ಬೇಕು. ಪೆಟ್ರೋಲ್ ಪೈಪಿನ ನಡುವೆ ಹಿಚುಕುವ ರಬ್ಬರ್ ಬುಗುರಿಗೂ ದೋಣಿಯವರು ಪ್ರೈಮರ್ ಅಂತಲೇ ಅಂತಾರೆ!

ಎಂಜಿನ್ ಕೂಡಿಸುವಾಗ ಬೇಕಾದ ಪ್ರೈಮರ್ ಬೇರೆಯದು. ನೀರಿನಷ್ಟು ತೆಳು, ಸ್ಪ್ರೇ ಅಥವಾ ಸಣ್ಣ ಬಾಟಲಿ. ಲಾಕ್ಟೈಟ್ 7471, 7649 ಈ ಬಗೆಯವು. ಕಬ್ಬಿಣ, ಹಿತ್ತಾಳೆ ಮೇಲೆ ಅನೆರೋಬಿಕ್ ಪೇಸ್ಟ್ ತಾನೇ ಬೇಗ ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್, ಸತುವಿನ ಲೇಪ ಇರುವ ಬೋಲ್ಟ್, ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಮೇಲೆ ಬಹಳ ನಿಧಾನ. ಚಳಿ ಇದ್ದರೆ ಇನ್ನೂ ನಿಧಾನ. ಆಗ ಪ್ರೈಮರ್ ಹಾಕಿ, ಅದು ಆರಿದ ಮೇಲೆ ಪೇಸ್ಟ್. ಕಬ್ಬಿಣಕ್ಕೆ ಕಬ್ಬಿಣ ಕೂಡಿಸುವಾಗ, ಅದೂ ನಮ್ಮ ಏಪ್ರಿಲ್ ಬಿಸಿಲಲ್ಲಿ, ಅದಕ್ಕೆ ಖರ್ಚು ಮಾಡಬೇಕಿಲ್ಲ. ಸಿಲಿಕಾನ್‌ಗಂತೂ ಈ ಪ್ರೈಮರ್‌ನಿಂದ ಏನೂ ಆಗಲ್ಲ.

ತೊಳೆಯೋದರಲ್ಲೇ ಕೆಟ್ಟಿರ್ತದೆ

ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಿಂದ ಒರೆಸಿ ಪೇಸ್ಟ್ ಹಚ್ಚೋದು ರೂಢಿ. ಕಣ್ಣಿಗೆ ಕಾಣದ ಎಣ್ಣೆ ಪೊರೆ ಅಲ್ಲೇ ಉಳಿದಿರ್ತದೆ, ಅದರ ಮೇಲೆ ಯಾವ ಕಂಪನಿ ಮಾಲೂ ಹಿಡಿಯಲ್ಲ. ಕೊನೆಗೊಮ್ಮೆ ಅಸಿಟೋನ್ ಹಾಕಿದ ಶುದ್ಧ ಬಟ್ಟೆಯಿಂದ ಒರೆಸಲೇಬೇಕು. ಗಾಳಿ ಆಡುವ ಕಡೆ, ಬೀಡಿ ಬದಿಗಿಟ್ಟು. ಹಳೇ ಪೇಸ್ಟ್ ಕೆರೆಯೋಕೆ ಹ್ಯಾಕ್ಸಾ ಬ್ಲೇಡ್ ಬೇಡ, ಅಲ್ಯೂಮಿನಿಯಂ ಮೇಲೆ ಬೀಳುವ ಗೀರೇ ನಾಳೆ ಸೋರುವ ದಾರಿ. ಗಟ್ಟಿ ಪ್ಲಾಸ್ಟಿಕ್ ಅಥವಾ ಬಿದಿರಿನ ಚಕ್ಕೆ ಸಾಕು.

ತಳ ಮುಚ್ಚಿದ ಬೋಲ್ಟ್ ರಂಧ್ರಕ್ಕೆ ಪೇಸ್ಟ್ ಸುರಿಯಬಾರದು. ಬೋಲ್ಟ್ ಇಳಿದಂತೆ ಅದಕ್ಕೆ ಹೋಗೋಕೆ ಜಾಗ ಇಲ್ಲದೆ ಎರಕ ಸೀಳಬಹುದು. ಬೋಲ್ಟ್‌ನ ಹಲ್ಲಿಗೆ ಮಾತ್ರ ಸ್ವಲ್ಪ. ನಡುವಿನಿಂದ ಶುರು ಮಾಡಿ ಎದುರುಬದುರಾಗಿ, ಎರಡು-ಮೂರು ಸುತ್ತಿನಲ್ಲಿ ಬಿಗಿಯೋದು.

ಕೂಡಿಸಿ ಒಂದು ದಿನ ಬಿಟ್ಟ ಮೇಲೆ ಪಂಪ್‌ಸೆಟ್ ಚಾಲೂ ಮಾಡಿ ಜೋಡಣೆಯ ಸುತ್ತ ಒಣ ಕಾಗದ ಒತ್ತಿದರೆ ಆಯಿಲ್ ಕಲೆ ತಿಳೀತದೆ. ದೋಣಿ ಎಂಜಿನ್ ಆದರೆ ಬರಿದೇ ಓಡಿಸಬಾರದು, ನೀರೆತ್ತುವ ರಬ್ಬರ್ ಇಂಪೆಲ್ಲರ್ ಬೇಗ ಸುಟ್ಟುಹೋಗ್ತದೆ. ದೊಡ್ಡ ಡ್ರಮ್‌ಗೆ ನೀರು ತುಂಬಿ, ಕೆಳಭಾಗ ಮುಳುಗಿಸಿ ಓಡಿಸಬೇಕು. ನಿಧಾನಕ್ಕೆ ಓಡುವಾಗ ಎಂಜಿನ್ ತಾನಾಗಿಯೇ ವೇಗ ಏರಿಸಿಕೊಂಡರೆ ಎಲ್ಲೋ ಗಾಳಿ ಎಳೀತಿದೆ ಅಂತ ಲೆಕ್ಕ, ಕೂಡಲೇ ಆಫ್ ಮಾಡಿ ಮತ್ತೆ ಬಿಚ್ಚಬೇಕು.