ಮಲಪ್ರಭೆಯ ಆಚೆಗೇ ನಿಂತ ದ್ರಾಕ್ಷಿ

ವಿಜಯಪುರ ಸೀಮೆಯ ತಿಕೋಟಾದ ಬರಡು ಮಡ್ಡಿಗಳನ್ನು ಹಸುರುಗೊಳಿಸಿ, ಅಥಣಿ ಜಮಖಂಡಿಗಳವರೆಗೆ ಚಪ್ಪರ ಹಬ್ಬಿಸಿದ ದ್ರಾಕ್ಷಿಯು, ಅಷ್ಟೇ ಒಣಹವೆಯುಳ್ಳ ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಲ್ಲಿ ಅಲ್ಲೊಂದು ಇಲ್ಲೊಂದು ತೋಟವಾಗಿಯೇ ಉಳಿದುದೇಕೆಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಬೆಳೆಯ ಚರಿತ್ರೆಯನ್ನು ಅವಲೋಕಿಸುವುದು ಉಚಿತವೆಂದು ತೋರುತ್ತದೆ.

ನಮ್ಮ ದ್ರಾಕ್ಷಿಯ ವಂಶಾವಳಿಯೇ ವಿಚಿತ್ರವಾದುದು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಕಡೆ ತಲೆಮಾರುಗಳಿಂದ ಬೆಳೆದು ಬಂದು, 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ‘ಬೆಂಗಳೂರು ನೀಲಿ’ಯು ಮೂಲತಃ ಅಮೆರಿಕದ ಇಸಬೆಲ್ಲಾ ತಳಿ; ವಿಜಯಪುರದ ಥಾಮ್ಸನ್ ಸೀಡ್‌ಲೆಸ್ ಪಶ್ಚಿಮ ಏಷ್ಯದ ಪ್ರಾಚೀನ ತಳಿಯಾಗಿದ್ದರೂ ಕ್ಯಾಲಿಫೋರ್ನಿಯದ ಕೃಷಿಕನೊಬ್ಬನ ಹೆಸರನ್ನು ಹೊತ್ತು ಬಂದಿದೆ, ಅದನ್ನು ಕಸಿಮಾಡಿ ನಿಲ್ಲಿಸುವ, ಸವಳು ನೀರನ್ನೂ ಸಹಿಸಬಲ್ಲ ಡಾಗ್‌ರಿಜ್ ಬೇರಾದರೋ ಟೆಕ್ಸಸ್ಸಿನ ಕಾಡುದ್ರಾಕ್ಷಿಯ ಸಂತತಿ. ಬೇರುಹೇನಿನಿಂದ ಫ್ರಾನ್ಸಿನ ತೋಟಗಳು ನಾಶವಾಗುತ್ತಿದ್ದಾಗ ಆ ದೇಶವು ಆಶ್ರಯಿಸಿದ್ದು ಇಂಥವೇ ಅಮೆರಿಕದ ಬೇರುಗಳನ್ನು. ಅದಕ್ಕೆ ನೆರವಾದ ಟೆಕ್ಸಸ್ಸಿನ ಟಿ. ವಿ. ಮನ್ಸನ್ನನನ್ನು ಫ್ರೆಂಚ್ ಸರಕಾರ 1888ರಲ್ಲಿ ಗೌರವಿಸಿತು.

ಮದ್ಯದ ಅಧ್ಯಾಯ ನಮ್ಮಲ್ಲಿ ತೀರ ಈಚಿನದು. ನಂದಿ ಬೆಟ್ಟದ ಬುಡದಲ್ಲಿ ಉದ್ಯಮಿ ಕನ್ವಲ್ ಗ್ರೋವರರು 1988ರಲ್ಲಿ ಫ್ರೆಂಚ್ ತಳಿಗಳನ್ನು ನೆಡಿಸಿ, 1992ರಲ್ಲಿ ಮೊದಲ ವೈನನ್ನು ಹೊರತಂದರು; 2007ರಲ್ಲಿ ರಾಜ್ಯ ಸರಕಾರವು ದ್ರಾಕ್ಷಿ ಸಂಸ್ಕರಣ ಹಾಗೂ ವೈನ್ ನೀತಿಯನ್ನು ಘೋಷಿಸಿತು; ಮುಂದೆ ಮುಂಡರಗಿಯ ನೆರೆಯ ಕೊಪ್ಪಳ ಸೀಮೆಯಲ್ಲಿಯೂ ‘ಹಂಪಿ ಹಿಲ್ಸ್’ ಎಂಬ ಹೆಸರಿನಲ್ಲಿ ವೈನ್ ತೋಟ ಎದ್ದಿತು. ಗದಗ, ಮುಂಡರಗಿಗಳಾದರೋ 1956ರವರೆಗೆ ಮುಂಬಯಿಯ ಆಡಳಿತದಲ್ಲಿದ್ದು, 1949ರ ಪಾನನಿರೋಧ ಶಾಸನಕ್ಕೆ ಒಳಪಟ್ಟಿದ್ದುವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದ ಕಾಲವೊಂದಿತ್ತಲ್ಲವೆ? ಸಾಂಗಲಿಯ ಆಳ್ವಿಕೆ ಇಲ್ಲಿಯವರೆಗೆ ಬಂದಿತು, ಸಾಂಗಲಿಯ ದ್ರಾಕ್ಷಿಬಳ್ಳಿ ಮಾತ್ರ ಬರಲಿಲ್ಲ!

ಆದರೆ ದ್ರಾಕ್ಷಿ ಇಲ್ಲಿ ಹಬ್ಬದಿರಲು ಕಾರಣವು ಮದ್ಯನಿಷೇಧವಲ್ಲ. ಉತ್ತರ ಕರ್ನಾಟಕದ ದ್ರಾಕ್ಷಿ ಬೆಳೆದುದೇ ತಿನ್ನುವುದಕ್ಕೂ ಒಣಗಿಸುವುದಕ್ಕೂ. ಏಪ್ರಿಲಿನಲ್ಲೊಂದು, ಅಕ್ಟೋಬರಿನಲ್ಲೊಂದು ಚಾಟ್ನಿ (ಬಳ್ಳಿಯ ಸವರಿಕೆ) ಮಾಡಿ, ಮಾಗಿದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವಿದರೆ, ಸುಮಾರು ಹದಿನೈದು ದಿನಗಳಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಸಿದ್ಧವಾಗುತ್ತದೆ. ಈ ಕೈಗೆಲಸವೂ ಕೂಲಿಯೂ ಪೇಟೆಯೂ ವಿಜಯಪುರದವರಿಗೆ ಸೊಲ್ಲಾಪುರ, ತಾಸಗಾಂವಗಳ ನೆರೆಯಿಂದ ದೊರೆತುವು. ಹತ್ತಿ, ಜೋಳ, ಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನು ಮಳೆಯ ನಂಬಿಕೆಯ ಮೇಲೆ ಬಿತ್ತುವ ಗದಗಿನ ರೈತನಿಗೆ ಅಂಥ ನೆರೆಯಿರಲಿಲ್ಲ. ಕಲ್ಲುಕಂಬ, ತಂತಿ, ಹನಿ ನೀರಾವರಿಗಳ ವೆಚ್ಚವನ್ನು ಹೊತ್ತರೂ, ಚಾಟ್ನಿಯ ಬೆನ್ನಿಗೇ ಹಿಂಗಾರಿ ಮಳೆ ಸುರಿದರೆ ಡೌನಿ ಬೂಜುರೋಗ ತಗಲಿ ಹೂಗೊನೆಯೇ ಕೈಬಿಡುವುದುಂಟು.

ಸಿಂಗಟಾಲೂರು ಏತ ನೀರಾವರಿಯಿಂದ ತುಂಗಭದ್ರೆಯ ನೀರು ದೊರೆತೆಡೆ, ನೀರು ಬಸಿದುಹೋಗುವ ಮಸಾರಿ ನೆಲದಲ್ಲಿ ಬಳ್ಳಿ ಹಬ್ಬಿಸಬಯಸುವವನಿಗೆ, ನಂದಿಯ ವೈನಿಗಿಂತ ತಿಕೋಟಾದ ಮಣೂಕವೇ ಅನುಸರಣೀಯವೆಂದು ನನ್ನ ಅಭಿಮತ: ಮಣೂಕವನ್ನು ದರ ಬರುವವರೆಗೆ ಶೀತಗೃಹದಲ್ಲಿ ಇಟ್ಟುಕೊಳ್ಳಬಹುದು, ವೈನಿನ ಹಣ್ಣನ್ನಾದರೋ ಕೊಯ್ದೊಡನೆ ಕೊಳ್ಳುವ ಕಾರ್ಖಾನೆ ಹತ್ತಿರದಲ್ಲಿಯೇ ಇರಬೇಕು.