ತುರ್ಕ ಮತ್ತು ಅರ್ಮೇನಿಯನ್ ವಲಸೆ ಸಮುದಾಯಗಳ ಆರ್ಥಿಕ ಸ್ಥಿತಿ

ತುರ್ಕರು ಮತ್ತು ಅರ್ಮೇನಿಯನ್ನರು ಶತಮಾನಗಳ ಕಾಲ ಅನಟೋಲಿಯಾದಲ್ಲಿ ನೆರೆಹೊರೆಯವರಾಗಿ ಬಾಳಿದವರು. ಇಪ್ಪತ್ತನೆಯ ಶತಮಾನದಲ್ಲಿ ಎರಡೂ ಸಮುದಾಯಗಳ ಲಕ್ಷಾಂತರ ಜನ ಆ ನೆಲ ಬಿಟ್ಟು ಹೊರಟರು. ಅರ್ಮೇನಿಯನ್ನರ ದೊಡ್ಡ ವಲಸೆ 1915ರ ನರಮೇಧದ ಬೆನ್ನಿಗೆ ನಡೆಯಿತು. ತುರ್ಕರ ದೊಡ್ಡ ವಲಸೆ 1961ರ ನಂತರ, ಪಶ್ಚಿಮ ಯುರೋಪಿನ ಕಾರ್ಖಾನೆಗಳ ಕರೆಯ ಮೇಲೆ ನಡೆಯಿತು. ಇಂದು ಜರ್ಮನಿಯೊಂದರಲ್ಲೇ ಟರ್ಕಿ ಮೂಲದವರ ಸಂಖ್ಯೆ 30 ಲಕ್ಷದ ಆಸುಪಾಸಿನಲ್ಲಿದೆ. ಅರ್ಮೇನಿಯನ್ನರು ರಷ್ಯಾ, ಅಮೆರಿಕ, ಫ್ರಾನ್ಸ್, ಲೆಬನಾನ್ ಮತ್ತು ಇರಾನ್‌ಗಳಲ್ಲಿ ಹರಡಿದ್ದಾರೆ. ರಷ್ಯಾದ 2010ರ ಜನಗಣತಿಯಲ್ಲಿ ಅವರ ಎಣಿಕೆ 11.8 ಲಕ್ಷ.

ಅರ್ಮೇನಿಯನ್ನರು ಹೋದಲ್ಲೆಲ್ಲ ವ್ಯಾಪಾರದಲ್ಲಿ ಮುಂದೆ ಬಂದರು, ತುರ್ಕರು ಕೂಲಿಕಾರರಾಗಿಯೇ ಉಳಿದರು ಎಂಬ ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಅದಕ್ಕೆ ಜನಾಂಗದ ಗುಣ, ಧರ್ಮ, ಸಂಸ್ಕೃತಿಗಳ ಕಾರಣ ಕೊಡುವವರೂ ಇದ್ದಾರೆ. ದಾಖಲೆಗಳು ಆ ವಿವರಣೆಗೆ ಒಗ್ಗುವುದಿಲ್ಲ. ಯಾವ ಬಾಗಿಲಿನಿಂದ ಒಳಗೆ ಬಂದರು, ಯಾವ ಕಾಯಿದೆಯಡಿ ಬದುಕಿದರು, ಮರಳಿ ಹೋಗಲು ಊರು ಉಳಿದಿತ್ತೇ ಎಂಬ ಮೂರು ಸಂಗತಿಗಳೇ ಇವರ ಹಣೆಬರಹವನ್ನು ಹೆಚ್ಚಾಗಿ ಬರೆದಿವೆ. ಬಾಗಿಲು ಬದಲಾದಾಗ ಅದೇ ಜನರ ಸ್ಥಿತಿಯೂ ಬದಲಾಗಿದೆ.

ಹೊರಡುವ ಮುನ್ನ

ಆಟೋಮನ್ ಸಾಮ್ರಾಜ್ಯದ ಅರ್ಮೇನಿಯನ್ನರೆಂದರೆ ಇಸ್ತಾಂಬುಲ್ ಮತ್ತು ಇಜ್ಮಿರ್‌ಗಳ ಸಾಹುಕಾರರು, ಚಿನಿವಾರರು, ರೇಷ್ಮೆ ವರ್ತಕರು ಎಂಬ ಚಿತ್ರ ಅರ್ಧ ಸತ್ಯ. ಅವರಲ್ಲಿ ಬಹುಪಾಲು ಜನ ಪೂರ್ವ ಪ್ರಾಂತ್ಯಗಳ ರೈತರು ಮತ್ತು ಕುಶಲಕರ್ಮಿಗಳು. ದೂರದೇಶದ ವ್ಯಾಪಾರದ ಹಳೆಯ ಪರಂಪರೆ ಇದ್ದದ್ದು ನಿಜ. 1600ರ ದಶಕದ ಆರಂಭದಲ್ಲಿ ಪರ್ಷಿಯದ ಶಾ ಅಬ್ಬಾಸ್ ಜುಲ್ಫಾ ಪಟ್ಟಣದ ಅರ್ಮೇನಿಯನ್ನರನ್ನು ಎಬ್ಬಿಸಿ ಇಸ್ಫಹಾನ್ ಬಳಿ ನೆಲೆಗೊಳಿಸಿದ. ಅಲ್ಲಿಂದ ಹೊರಟ ವರ್ತಕರು ಸೂರತ್, ಮದರಾಸು, ಕಲ್ಕತ್ತೆಗಳವರೆಗೂ ಬಂದರು. ಚೆನ್ನೈನ ಅರ್ಮೇನಿಯನ್ ಬೀದಿ ಮತ್ತು ಚರ್ಚು ಅವರ ಗುರುತು. ಅರ್ಮೇನಿಯನ್ ಭಾಷೆಯ ಮೊದಲ ನಿಯತಕಾಲಿಕ ‘ಅಜ್ದಾರಾರ್’ 1794ರಲ್ಲಿ ಅಚ್ಚಾದದ್ದು ಆ ಊರಿನಲ್ಲೇ. ಆದರೆ 1915ರ ನಂತರ ಮಾರ್ಸೇಯ್ ಬಂದರಿನಲ್ಲಿ ಇಳಿದ ಅನಾಥ ಹುಡುಗರಿಗೂ ಈ ಶ್ರೀಮಂತ ವರ್ತಕರಿಗೂ ಸಂಬಂಧ ಅಷ್ಟಕ್ಕಷ್ಟೇ.

1915ರಲ್ಲಿ ಪ್ರಾಣದ ಜೊತೆಗೆ ಆಸ್ತಿಯೂ ಹೋಯಿತು. ಗಡೀಪಾರಾದವರ ಮನೆ, ಹೊಲ, ಅಂಗಡಿ, ಗಿರಣಿಗಳನ್ನು ‘ವಾರಸುದಾರರು ಬಿಟ್ಟುಹೋದ ಸ್ವತ್ತು’ ಎಂದು ಕರೆದು ಕಾಯಿದೆಯ ಮೂಲಕವೇ ವಶಪಡಿಸಿಕೊಳ್ಳಲಾಯಿತು. ಸತ್ತವರ ಹೆಸರಿನಲ್ಲಿದ್ದ ಜೀವವಿಮೆಯ ಹಣಕ್ಕಾಗಿ ವಂಶಸ್ಥರು ಅಮೆರಿಕದ ನ್ಯಾಯಾಲಯದಲ್ಲಿ ಹೋರಾಡಬೇಕಾಯಿತು. ನ್ಯೂಯಾರ್ಕ್ ಲೈಫ್ ಕಂಪನಿ 2004ರಲ್ಲಿ 2 ಕೋಟಿ ಡಾಲರ್, ಫ್ರಾನ್ಸಿನ ಆಕ್ಸಾ ಕಂಪನಿ 2005ರಲ್ಲಿ 1.7 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ತೊಂಬತ್ತು ವರ್ಷಗಳ ಬಳಿಕ ಸಿಕ್ಕಿದ್ದು ಅಷ್ಟು. ಟರ್ಕಿಯಲ್ಲೇ ಉಳಿದ ಅರ್ಮೇನಿಯನ್ನರ ಮೇಲೆ, ಗ್ರೀಕರು ಮತ್ತು ಯಹೂದಿಗಳ ಜೊತೆಗೆ, 1942ರಲ್ಲಿ ವಿಪರೀತ ದರದ ಸಂಪತ್ತಿನ ತೆರಿಗೆ ಬಿತ್ತು. ಕಟ್ಟಲಾಗದವರನ್ನು ಅಶ್ಕಾಲೆಯ ಶಿಬಿರಕ್ಕೆ ಕಳಿಸಿ ಕೂಲಿ ಮಾಡಿಸಿದರು.

ತುರ್ಕರ ವಲಸೆಯ ಹಿನ್ನೆಲೆ ಬೇರೆ. 1950ರ ದಶಕದಲ್ಲಿ ಅಮೆರಿಕದ ನೆರವಿನಿಂದ ಟ್ರಾಕ್ಟರುಗಳು ಬಂದು ಹೊಲದ ಕೆಲಸ ಕಡಿಮೆಯಾಯಿತು, ಹಳ್ಳಿಯವರು ನಗರ ಸೇರಿದರು. 1963ರಲ್ಲಿ ಶುರುವಾದ ಟರ್ಕಿಯ ಮೊದಲ ಪಂಚವಾರ್ಷಿಕ ಯೋಜನೆ ಹೆಚ್ಚುವರಿ ಕಾರ್ಮಿಕರನ್ನು ಹೊರದೇಶಕ್ಕೆ ಕಳಿಸುವುದನ್ನು ಒಂದು ಗುರಿಯಾಗಿಯೇ ಇಟ್ಟುಕೊಂಡಿತ್ತು.

ಜರ್ಮನಿಯ ತುರ್ಕರು

1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದು, ಪೂರ್ವ ಜರ್ಮನಿಯಿಂದ ಬರುತ್ತಿದ್ದ ಕೆಲಸಗಾರರ ಹರಿವು ನಿಂತಿತು. ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿ ಟರ್ಕಿಯೊಡನೆ ನೇಮಕಾತಿ ಒಪ್ಪಂದ ಮಾಡಿಕೊಂಡಿತು. ಆಸ್ಟ್ರಿಯ, ನೆದರ್ಲೆಂಡ್ಸ್, ಬೆಲ್ಜಿಯಂಗಳ ಒಪ್ಪಂದ 1964ರಲ್ಲಿ, ಫ್ರಾನ್ಸಿನದು 1965ರಲ್ಲಿ, ಸ್ವೀಡನ್ನಿನದು 1967ರಲ್ಲಿ ಆಯಿತು. ಇಸ್ತಾಂಬುಲ್‌ನ ಜರ್ಮನ್ ನೇಮಕಾತಿ ಕಚೇರಿಯಲ್ಲಿ ವೈದ್ಯರು ಹಲ್ಲು, ಶ್ವಾಸಕೋಶ, ಮೂತ್ರ ಎಲ್ಲ ಪರೀಕ್ಷಿಸಿ ಆರಿಸಿದವರು ಸಿರ್ಕೆಜಿ ನಿಲ್ದಾಣದಲ್ಲಿ ರೈಲು ಹತ್ತಿ ಮ್ಯೂನಿಕ್‌ನಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ಕೊಲೋನ್‌ನ ಫೋರ್ಡ್ ಕಾರ್ಖಾನೆ, ರೂರ್ ಪ್ರದೇಶದ ಕಲ್ಲಿದ್ದಲು ಗಣಿ, ಬರ್ಲಿನ್‌ನ ವಿದ್ಯುತ್ ಉಪಕರಣಗಳ ಘಟಕಗಳಿಗೆ ಹಂಚಿಹೋಗುತ್ತಿದ್ದರು. ಬಂದವರೆಲ್ಲ ಏನೂ ಅರಿಯದ ಹಳ್ಳಿಗರಲ್ಲ. ಮೊದಲ ವರ್ಷಗಳಲ್ಲಿ ಬಂದವರ ಕುಶಲತೆ ಟರ್ಕಿಯ ಸರಾಸರಿ ಕೆಲಸಗಾರನಿಗಿಂತ ಮೇಲಿತ್ತು. ಒಂಟಿಯಾಗಿ ಬಂದ ಹೆಂಗಸರೂ ಅವರಲ್ಲಿದ್ದರು.

ಕರಾರಿನ ಪ್ರಕಾರ ಸಂಬಳ ಜರ್ಮನರಿಗೆ ಸಮ. ವಾಸ್ತವದಲ್ಲಿ ಅವರಿಗೆ ಸಿಕ್ಕಿದ್ದು ಸಂಬಳದ ಪಟ್ಟಿಯ ಕೆಳಗಿನ ಮೆಟ್ಟಿಲು, ಯಾರಿಗೂ ಬೇಡವಾದ ಪಾಳಿ, ಕಂಪನಿಯ ವಸತಿಗೃಹದಲ್ಲಿ ಒಂದರ ಮೇಲೊಂದು ಜೋಡಿಸಿದ ಮಂಚ. ಎರಡು ವರ್ಷ ದುಡಿದು ಮರಳಬೇಕು, ಆ ಜಾಗಕ್ಕೆ ಇನ್ನೊಬ್ಬ ಬರಬೇಕು ಎಂಬುದು ಮೂಲ ಯೋಜನೆ. ತರಬೇತಾದವರನ್ನು ಕಳಿಸಲು ಮಾಲೀಕರೇ ಒಪ್ಪದ್ದರಿಂದ 1964ರಲ್ಲಿ ಆ ಮಿತಿ ಸಡಿಲವಾಯಿತು. ಆದರೂ ‘ನಾಳೆ ಹೋಗುವವರು’ ಎಂಬ ಭಾವನೆ ಎರಡೂ ಕಡೆ ಉಳಿಯಿತು, ಅದಕ್ಕೆ ತೆತ್ತ ಬೆಲೆ ದೊಡ್ಡದು. ಸರ್ಕಾರ ಭಾಷೆ ಕಲಿಸಲಿಲ್ಲ. ಕಾರ್ಮಿಕರು ಉಳಿಸಿದ ದುಡ್ಡೆಲ್ಲ ಊರಿಗೆ ಹೋಯಿತು. 1974ರಲ್ಲಿ ಟರ್ಕಿಗೆ ಹೀಗೆ ಬಂದ ಹಣ ಸುಮಾರು 140 ಕೋಟಿ ಡಾಲರ್. ಅದರಲ್ಲಿ ಹೊಲ ಕೊಂಡರು, ಮನೆ ಕಟ್ಟಿದರು, ಕೆಲವರು ಒಟ್ಟುಗೂಡಿ ಊರಲ್ಲಿ ಕಾರ್ಖಾನೆ ತೆರೆಯಲೆಂದು ಕಾರ್ಮಿಕರ ಕಂಪನಿಗಳಿಗೆ ಷೇರು ಹಣ ಕಟ್ಟಿದರು. ಆ ಕಂಪನಿಗಳಲ್ಲಿ ಹೆಚ್ಚಿನವು ನೆಲೆ ನಿಲ್ಲಲಿಲ್ಲ. 1990ರ ದಶಕದಲ್ಲಿ ಬಡ್ಡಿಯಿಲ್ಲದ ಲಾಭದ ಭರವಸೆ ಕೊಟ್ಟ ಹೋಲ್ಡಿಂಗ್ ಕಂಪನಿಗಳು ಮಸೀದಿಗಳ ಮೂಲಕ ಮತ್ತೊಮ್ಮೆ ಉಳಿತಾಯ ಸಂಗ್ರಹಿಸಿ ಮುಳುಗಿದವು. ಒಂದು ತಲೆಮಾರಿನ ಬೆವರಿನ ಗಳಿಕೆ ಹೀಗೆ ಎರಡು ಸಲ ಕರಗಿದ್ದನ್ನು ಆದಾಯದ ಕೋಷ್ಟಕಗಳು ತೋರಿಸುವುದಿಲ್ಲ.

1973ರ ಆಗಸ್ಟ್‌ನಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ರಜೆ ಮುಗಿಸಿ ತಡವಾಗಿ ಮರಳಿದ ಸುಮಾರು 300 ತುರ್ಕ ಕಾರ್ಮಿಕರನ್ನು ವಜಾ ಮಾಡಿದಾಗ ಮುಷ್ಕರ ಎದ್ದಿತು. ಅದನ್ನು ಮುರಿಯಲಾಯಿತು. ನವೆಂಬರಿನಲ್ಲಿ, ತೈಲ ಬಿಕ್ಕಟ್ಟಿನ ನಡುವೆ, ಜರ್ಮನಿ ನೇಮಕಾತಿಯನ್ನೇ ನಿಲ್ಲಿಸಿತು. ಪರಿಣಾಮ ಉದ್ದೇಶಕ್ಕೆ ವಿರುದ್ಧವಾಯಿತು. ಒಮ್ಮೆ ಹೋದರೆ ಮತ್ತೆ ಬರಲಾಗದೆಂದು ತಿಳಿದವರು ಹೋಗದೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. 1983ರಲ್ಲಿ ಮರಳುವವರಿಗೆ 10,500 ಮಾರ್ಕ್ ಕೊಡುವ ಕಾಯಿದೆ ಬಂದರೂ ಬಹುಪಾಲು ಜನ ಅಲ್ಲೇ ಉಳಿದರು. ಅಷ್ಟರಲ್ಲಿ ಅವರನ್ನು ಕರೆತಂದ ಗಣಿ ಮತ್ತು ಉಕ್ಕಿನ ಉದ್ಯಮಗಳೇ ಸೊರಗತೊಡಗಿದ್ದವು. 1990ರ ಏಕೀಕರಣದ ನಂತರ ಪಶ್ಚಿಮ ಬರ್ಲಿನ್‌ನ ಕಾರ್ಖಾನೆಗಳಿಗೆ ಸಹಾಯಧನ ನಿಂತು ಸಾಲುಸಾಲಾಗಿ ಬಾಗಿಲು ಹಾಕಿದವು. ಆ ದಶಕದ ಉತ್ತರಾರ್ಧದಲ್ಲಿ ಜರ್ಮನಿಯ ತುರ್ಕರ ನಿರುದ್ಯೋಗ ಶೇ. 20ನ್ನು ದಾಟಿತ್ತು.

ಮಕ್ಕಳ ಪಾಲಿಗೆ ಶಾಲೆಯೇ ಅಡ್ಡಗೋಡೆಯಾಯಿತು. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಹತ್ತನೆಯ ವಯಸ್ಸಿನ ಹೊತ್ತಿಗೇ ಮಕ್ಕಳನ್ನು ವಿಶ್ವವಿದ್ಯಾಲಯದ ದಾರಿ, ಕಸುಬಿನ ದಾರಿ ಎಂದು ವಿಂಗಡಿಸುತ್ತಾರೆ. ಮನೆಯಲ್ಲಿ ಜರ್ಮನ್ ಆಡದ ಕೂಲಿಕಾರನ ಮಗು ಆ ವಯಸ್ಸಿಗೆ ಕೆಳಗಿನ ಶಾಲೆಗೆ ಬೀಳುವುದೇ ಹೆಚ್ಚು. ಅಲ್ಲೇ ಹುಟ್ಟಿದ ಮಕ್ಕಳಿಗೆ ಜನ್ಮದಿಂದ ಪೌರತ್ವ ಪಡೆಯುವ ದಾರಿ ತೆರೆದದ್ದು 2000ದಲ್ಲಿ. ಟರ್ಕಿಯ ಪೌರತ್ವ ಉಳಿಸಿಕೊಂಡೇ ಜರ್ಮನ್ ಪ್ರಜೆಯಾಗಲು ಅವಕಾಶ ಬಂದದ್ದು 2024ರಲ್ಲಿ.

ಬರ್ಲಿನ್‌ನ ಕ್ರಾಯ್ಟ್ಸ್‌ಬರ್ಗ್ ಬಡಾವಣೆಯ ತರಕಾರಿ ಅಂಗಡಿ, ದರ್ಜಿ ಅಂಗಡಿ, ಡೋನರ್ ಕಬಾಬ್ ಮಾರುವ ಗೂಡಂಗಡಿಗಳು ಈ ಹಿನ್ನೆಲೆಯಲ್ಲಿ ಹುಟ್ಟಿದವು. ಆರಂಭದ ಪರವಾನಗಿಗಳು ಸ್ವಂತ ವ್ಯಾಪಾರಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಅನೇಕ ಕಸುಬುಗಳಿಗೆ ಜರ್ಮನ್ ಕುಶಲಕರ್ಮಿ ಸಂಘದ ‘ಮಾಸ್ಟರ್’ ಪ್ರಮಾಣಪತ್ರ ಬೇಕಿತ್ತು. ಕಾಯಂ ವಾಸದ ಹಕ್ಕು ಸಿಕ್ಕ ಮೇಲೆ, ಕಾರ್ಖಾನೆಯ ಕೆಲಸ ಹೋದ ಮೇಲೆ, ಪ್ರಮಾಣಪತ್ರ ಕೇಳದ ವ್ಯಾಪಾರಗಳಿಗೆ ಅವರು ಕೈಹಾಕಿದರು. ವ್ಯಾಪಾರ ತುರ್ಕರ ರಕ್ತದಲ್ಲಿಲ್ಲ ಎಂದವರು ಈ ಪರವಾನಗಿಯ ಕತೆಯನ್ನು ಗಮನಿಸಿರಲಿಲ್ಲ.

ಮಾರ್ಸೇಯ್, ಲಿಯಾನ್, ಬೇರೂತ್

1920ರ ದಶಕದಲ್ಲಿ ಫ್ರಾನ್ಸಿಗೆ ಬಂದ ಅರ್ಮೇನಿಯನ್ನರ ಸ್ಥಿತಿ ಈ ತುರ್ಕರಿಗಿಂತಲೂ ಕಠಿಣವಾಗಿತ್ತು. ಕೈಯಲ್ಲಿದ್ದದ್ದು ಯಾವ ದೇಶವೂ ತನ್ನದೆನ್ನದ ಜನರಿಗೆ ಕೊಡುತ್ತಿದ್ದ ನಾನ್ಸೆನ್ ಪಾಸ್‌ಪೋರ್ಟ್. 1924ರಲ್ಲಿ ಅದನ್ನು ಅರ್ಮೇನಿಯನ್ನರಿಗೂ ವಿಸ್ತರಿಸಲಾಗಿತ್ತು. ಮಾರ್ಸೇಯ್‌ನ ಓಡೋ ಶಿಬಿರದಲ್ಲಿ 1922ರಿಂದ 1927ರವರೆಗೆ ಸಾವಿರಾರು ಜನ ತಂಗಿದರು. ಫ್ರಾನ್ಸಿಗೂ ಆಗ ಕೂಲಿಗಳು ಬೇಕಿದ್ದರು, ಮಹಾಯುದ್ಧ ಅದರ ಗಂಡಸರನ್ನು ನುಂಗಿತ್ತು. ಲಿಯಾನ್ ಬಳಿಯ ಡೆಸೀನ್‌ನ ಕೃತಕ ರೇಷ್ಮೆ ಕಾರ್ಖಾನೆಗೆ ಅರ್ಮೇನಿಯನ್ ಕಾರ್ಮಿಕರು ಗುಂಪುಗುಂಪಾಗಿ ಸೇರಿದರು. ಆ ಊರಿನಲ್ಲಿ ಇಂದಿಗೂ ಅವರ ನೆಲೆ ಇದೆ. 1944ರಲ್ಲಿ ನಾಜಿಗಳ ಗುಂಡಿಗೆ ಬಲಿಯಾಗಿ, 2024ರಲ್ಲಿ ಫ್ರಾನ್ಸಿನ ಮಹನೀಯರ ಸಮಾಧಿಭವನ ಪಾಂಥಿಯನ್ ಸೇರಿದ ಮಿಸಾಕ್ ಮನೂಷಿಯನ್ ಸಿಟ್ರೊಯೆನ್ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡಿದವರು. ಅಂದರೆ ಈ ಪೀಳಿಗೆಯೂ ಕೂಲಿಕಾರರ ಪೀಳಿಗೆಯೇ.

ಅವರಲ್ಲಿ ಅನೇಕರು ಕಾರ್ಖಾನೆಯಿಂದ ಬೇಗ ಹೊರಬಂದರು. ನಿಯರ್ ಈಸ್ಟ್ ರಿಲೀಫ್‌ನಂತಹ ಸಂಸ್ಥೆಗಳು ಅನಾಥಾಲಯಗಳಲ್ಲಿ ಮಕ್ಕಳಿಗೆ ಬಟ್ಟೆ ಹೊಲಿಯುವುದು, ಬೂಟು ಮಾಡುವುದು, ಮರಗೆಲಸ ಕಲಿಸಿದ್ದವು. ಒಂದು ಹೊಲಿಗೆ ಯಂತ್ರ ಮನೆಯಲ್ಲಿಟ್ಟುಕೊಂಡು, ಗುತ್ತಿಗೆ ಹಿಡಿದು, ಹೆಂಡತಿ ಮಕ್ಕಳೊಡನೆ ರಾತ್ರಿಯವರೆಗೂ ಸ್ವೆಟರ್, ಬೂಟು ತಯಾರಿಸುವ ಮನೆಗಳು ಅಲ್ಫೋರ್‌ವಿಲ್, ಇಸಿ-ಲೆ-ಮುಲಿನೊ, ವಾಲಾನ್ಸ್‌ಗಳಲ್ಲಿ ತುಂಬಿಕೊಂಡವು. ಹಿಂದಿರುಗಲು ಊರಿರಲಿಲ್ಲ. ಆದ್ದರಿಂದ ಉಳಿದ ದುಡ್ಡು ಅಲ್ಲೇ ಜಾಗ ಕೊಳ್ಳಲು, ಚರ್ಚು ಮತ್ತು ಶಾಲೆ ಕಟ್ಟಲು ಹೋಯಿತು. ಊರಿಗೆ ಹೋದ ತುರ್ಕನ ಹಣ ಮತ್ತು ಫ್ರಾನ್ಸಿನಲ್ಲೇ ಹೂಡಿದ ಅರ್ಮೇನಿಯನ್ನನ ಹಣ, ಈ ವ್ಯತ್ಯಾಸ ಮುಂದಿನ ತಲೆಮಾರಿನಲ್ಲಿ ಬಹಳ ದೊಡ್ಡದಾಗಿ ಕಂಡಿತು. ಯುದ್ಧಾನಂತರದ ಮೂವತ್ತು ವರ್ಷಗಳ ಏಳಿಗೆಯ ಕಾಲವೂ ಅರ್ಮೇನಿಯನ್ ಮಕ್ಕಳಿಗೆ ಒದಗಿಬಂತು. ತುರ್ಕರ ಮಕ್ಕಳು ದುಡಿಮೆಗೆ ಇಳಿಯುವಾಗ ಆ ಕಾಲ ಮುಗಿದಿತ್ತು.

ಲೆಬನಾನಿನಲ್ಲಿ ಅರ್ಮೇನಿಯನ್ನರಿಗೆ 1924ರ ನಂತರ ಪೌರತ್ವವೇ ಸಿಕ್ಕಿತು. ಬೇರೂತ್‌ನ ಬುರ್ಜ್ ಹಮ್ಮೂದ್ ಬಡಾವಣೆ ಚಿನ್ನದ ಕೆಲಸಕ್ಕೂ ಚರ್ಮದ ಸಾಮಾನಿಗೂ ಹೆಸರಾಯಿತು. 1975ರ ಅಂತರ್ಯುದ್ಧ ಅವರಲ್ಲಿ ಅನೇಕರನ್ನು ಮತ್ತೆ ಹೊರಡಿಸಿತು.

ಅಮೆರಿಕ: ತಕ್ಕಡಿ ತಿರುಗಿದ ಕಡೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅನಟೋಲಿಯಾದ ಹಾರ್ಪುತ್ ಸೀಮೆಯಿಂದ ಅರ್ಮೇನಿಯನ್ನರೂ ತುರ್ಕರೂ ಕುರ್ದರೂ ಮ್ಯಾಸಚೂಸೆಟ್ಸ್‌ಗೆ ಬಂದರು. ಅರ್ಮೇನಿಯನ್ನರು ವೂಸ್ಟರ್‌ನ ತಂತಿ ಗಿರಣಿ ಮತ್ತು ವಾಟರ್‌ಟೌನ್‌ನ ರಬ್ಬರ್ ಕಾರ್ಖಾನೆ ಸೇರಿದರೆ, ತುರ್ಕರು ಪೀಬಡಿಯ ಚರ್ಮ ಹದಮಾಡುವ ಕಾರ್ಖಾನೆಗಳಲ್ಲಿ ದುಡಿದರು. 1923ರಲ್ಲಿ ಟರ್ಕಿ ಗಣರಾಜ್ಯ ಸ್ಥಾಪನೆಯಾದ ಮೇಲೆ ತುರ್ಕರಲ್ಲಿ ಹೆಚ್ಚಿನವರು ಊರಿಗೆ ಮರಳಿದರು. ಮರಳಲಾಗದ ಅರ್ಮೇನಿಯನ್ನರು ಉಳಿದರು.

ಕ್ಯಾಲಿಫೋರ್ನಿಯದ ಫ್ರೆಸ್ನೊದಲ್ಲಿ ಅರ್ಮೇನಿಯನ್ನರು ದ್ರಾಕ್ಷಿ ತೋಟ ಮಾಡಿ ಒಣದ್ರಾಕ್ಷಿ ವ್ಯಾಪಾರದಲ್ಲಿ ಬೆಳೆದರು. ನಗರದ ಅನೇಕ ಬಡಾವಣೆಗಳ ಕ್ರಯಪತ್ರಗಳಲ್ಲೇ ಅವರಿಗೆ ಮನೆ ಮಾರಬಾರದೆಂಬ ಷರತ್ತಿತ್ತು. ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಜಮೀನು ಹೊಂದಬಾರದು ಎಂಬುದು 1913ರಿಂದ ಆ ರಾಜ್ಯದ ಕಾನೂನು. ಪೌರತ್ವ ಸಿಗಬೇಕಾದರೆ ‘ಬಿಳಿಯ’ ಅನ್ನಿಸಿಕೊಳ್ಳಬೇಕಿತ್ತು. ಭಾರತದ ಭಗತ್ ಸಿಂಗ್ ಥಿಂಡ್ ಬಿಳಿಯರಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ಹೇಳಿತು. ಎರಡು ವರ್ಷಗಳ ಬಳಿಕ ಪೋರ್ಟ್‌ಲ್ಯಾಂಡ್‌ನ ಜಮಖಾನೆ ವ್ಯಾಪಾರಿ ತಾತೋಸ್ ಕಾರ್ತೋಜಿಯನ್ ಅವರ ಪ್ರಕರಣದಲ್ಲಿ ಅರ್ಮೇನಿಯನ್ನರು ಬಿಳಿಯರೇ ಎಂದು ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಎರಡೂ ಪ್ರಕರಣಗಳು ಆರೆಗಾನ್ ರಾಜ್ಯದಿಂದಲೇ ಹೊರಟವು. ಕ್ಯಾಲಿಫೋರ್ನಿಯದ ಪಂಜಾಬಿ ರೈತರು ಜಮೀನಿನ ಹಕ್ಕು ಕಳೆದುಕೊಂಡರು, ಅರ್ಮೇನಿಯನ್ ರೈತರ ಜಮೀನು ಉಳಿಯಿತು. ಇಲ್ಲಿ ಶ್ರಮವಾಗಲಿ ಗುಣವಾಗಲಿ ಲೆಕ್ಕಕ್ಕೆ ಬರಲಿಲ್ಲ.

ಏಳುಬೀಳುಗಳು ಅವರಿಗೂ ಇದ್ದವು. ಮುಂದೆ ಲಾಸ್ ವೇಗಸ್‌ನ ದೊಡ್ಡ ಹೋಟೆಲುಗಳನ್ನು ಕಟ್ಟಿಸಿದ ಕರ್ಕ್ ಕರ್ಕೋರಿಯನ್ ಫ್ರೆಸ್ನೊದಲ್ಲಿ 1917ರಲ್ಲಿ ಹುಟ್ಟಿದವರು. 1920ರ ದಶಕದ ಆರಂಭದ ಕುಸಿತದಲ್ಲಿ ಅವರ ತಂದೆ ತೋಟ ಕಳೆದುಕೊಂಡಿದ್ದರು. ಇಜ್ಮಿರ್ ಬಳಿಯಿಂದ 1920ರಲ್ಲಿ ಬಂದ ಅಲೆಕ್ಸ್ ಮನೂಗಿಯನ್ 1929ರಲ್ಲಿ ಡೆಟ್ರಾಯಿಟ್‌ನಲ್ಲಿ ಮ್ಯಾಸ್ಕೊ ಕಂಪನಿ ಆರಂಭಿಸಿ, ನಲ್ಲಿಗಳ ತಯಾರಿಕೆಯಿಂದ ಸಿರಿವಂತರಾದರು. ಅವರು ದಶಕಗಳ ಕಾಲ ಅಧ್ಯಕ್ಷರಾಗಿದ್ದ ಅರ್ಮೇನಿಯನ್ ಜನರಲ್ ಬೆನೆವಲೆಂಟ್ ಯೂನಿಯನ್ 1906ರಲ್ಲಿ ಕೈರೋದಲ್ಲಿ ಸ್ಥಾಪನೆಯಾದದ್ದು. ಒಂದು ದೇಶದಲ್ಲಿ ಗಳಿಸಿದವನ ಹಣ ಇನ್ನೊಂದು ದೇಶದ ಬಡ ಅರ್ಮೇನಿಯನ್ ಮಗುವಿನ ಶಾಲೆಗೆ ತಲುಪುವ ವ್ಯವಸ್ಥೆಯನ್ನು ಇಂಥ ಸಂಘಗಳು ಕಟ್ಟಿದವು.

1950ರ ನಂತರ ಅಮೆರಿಕಕ್ಕೆ ಬಂದ ತುರ್ಕರಲ್ಲಿ ವೈದ್ಯರು, ಎಂಜಿನಿಯರುಗಳು, ಉನ್ನತ ವ್ಯಾಸಂಗದ ವಿದ್ಯಾರ್ಥಿಗಳು ಹೆಚ್ಚು. ಅವರಲ್ಲಿ ಪದವೀಧರರ ಪ್ರಮಾಣ ಅಮೆರಿಕದ ಸರಾಸರಿಗಿಂತ ಮೇಲಿದೆ. ಅದೇ ಹೊತ್ತಿಗೆ, 1970ರ ದಶಕದಿಂದ, ಸೋವಿಯತ್ ಅರ್ಮೇನಿಯದಿಂದ ಲಾಸ್ ಏಂಜಲೀಸ್‌ಗೆ ಬಂದ ಅನೇಕ ಕುಟುಂಬಗಳು ಸರ್ಕಾರಿ ನೆರವನ್ನು ಆಶ್ರಯಿಸಿ, ಸಣ್ಣ ಕೆಲಸಗಳಿಂದ ಬದುಕು ಶುರುಮಾಡಿದವು. ಅವರ ಪಕ್ಕದಲ್ಲೇ, ಗ್ಲೆಂಡೇಲ್ ನಗರದಲ್ಲಿ, 1979ರ ಕ್ರಾಂತಿಯ ನಂತರ ಇರಾನಿನಿಂದ ಬಂಡವಾಳ ಮತ್ತು ಪದವಿಯೊಡನೆ ಬಂದ ಅರ್ಮೇನಿಯನ್ನರಿದ್ದರು. ಒಂದೇ ಭಾಷೆ, ಒಂದೇ ಚರ್ಚು. ಸಂಪಾದನೆ ಮಾತ್ರ ಬೇರೆ.

ಮೊಸರಿನ ವ್ಯಾಪಾರದಲ್ಲಿ ಎರಡೂ ಎಳೆಗಳು ಸೇರಿವೆ. ಮ್ಯಾಸಚೂಸೆಟ್ಸ್‌ನ ಅರ್ಮೇನಿಯನ್ ಕುಟುಂಬವೊಂದು 1929ರಲ್ಲಿ ಆರಂಭಿಸಿದ ಕೊಲೊಂಬೊ ಮೊಸರು, ಬೇರೆ ಕಂಪನಿಯ ಕೈಸೇರಿ 2010ರಲ್ಲಿ ನಿಂತುಹೋಯಿತು. ಟರ್ಕಿಯ ಎರ್ಜಿಂಜಾನ್ ಪ್ರಾಂತ್ಯದ ಕುರ್ದ್ ಪಶುಪಾಲಕರ ಮನೆಯಿಂದ 1994ರಲ್ಲಿ ಅಮೆರಿಕಕ್ಕೆ ಬಂದ ಹಮ್ದಿ ಉಲುಕಾಯ, 2005ರಲ್ಲಿ ಮುಚ್ಚಿದ ಕಾರ್ಖಾನೆಯೊಂದನ್ನು ಕೊಂಡು ಚೊಬಾನಿ ಮೊಸರನ್ನು 2007ರಲ್ಲಿ ಮಾರುಕಟ್ಟೆಗೆ ತಂದರು. ‘ತುರ್ಕ ವಲಸಿಗರು’ ಎಂಬ ಲೆಕ್ಕದ ಒಳಗೆ ಕುರ್ದರೂ, ಅಲೆವಿ ಪಂಥದವರೂ, ಟರ್ಕಿಯಲ್ಲಿ ಉಳಿದಿದ್ದ ಅರ್ಮೇನಿಯನ್ನರೂ ಸೇರಿಕೊಂಡಿದ್ದಾರೆ. ಕೋವಿಡ್ ಲಸಿಕೆಯ ವೇಳೆ ಲೋಕಕ್ಕೆ ಪರಿಚಯವಾದ ಬಯೋಎನ್‌ಟೆಕ್‌ನ ಊರ್ ಶಾಹಿನ್ ಫೋರ್ಡ್ ಕಾರ್ಮಿಕನ ಮಗ. ಮೊಡೆರ್ನಾ ಸ್ಥಾಪಕರಲ್ಲೊಬ್ಬರಾದ ನೂಬರ್ ಅಫೆಯಾನ್ ಬೇರೂತ್‌ನಲ್ಲಿ ಹುಟ್ಟಿದ ಅರ್ಮೇನಿಯನ್. ಇಬ್ಬರ ಸಾಧನೆ ದೊಡ್ಡದು, ಆದರೆ ಅವರಿಂದ ಸಮುದಾಯದ ಆದಾಯವನ್ನು ಅಳೆಯಲಾಗದು.

1991ರ ನಂತರ

ಸೋವಿಯತ್ ಒಕ್ಕೂಟ ಒಡೆದ ಮೇಲೆ ಅರ್ಮೇನಿಯ ದೇಶದಿಂದಲೇ ಹೊಸ ವಲಸೆ ಹೊರಟಿತು. 1988ರ ಭೂಕಂಪ, ಕರಬಾಖ್ ಯುದ್ಧ ಮತ್ತು 1993ರಲ್ಲಿ ಟರ್ಕಿ ಮುಚ್ಚಿದ ಗಡಿ, ಇವು ಆ ಪುಟ್ಟ ದೇಶದ ಉದ್ಯೋಗಗಳನ್ನು ನುಂಗಿದವು. ಗಂಡಸರು ವಸಂತದಲ್ಲಿ ರಷ್ಯಾಕ್ಕೆ ಹೋಗಿ ಕಟ್ಟಡ ಕೆಲಸ ಮಾಡಿ ಚಳಿಗಾಲಕ್ಕೆ ಮರಳುವುದು ರೂಢಿಯಾಯಿತು. 2013ರ ಸುಮಾರಿಗೆ ಹೊರಗಿನಿಂದ ಬರುವ ಹಣ ಅರ್ಮೇನಿಯದ ರಾಷ್ಟ್ರೀಯ ಉತ್ಪನ್ನದ ಐದನೇ ಒಂದು ಭಾಗದಷ್ಟಿತ್ತು. ಮರಳಲು ಊರಿರುವ ಈ ಅರ್ಮೇನಿಯನ್ನರು ಉಳಿತಾಯವನ್ನು ಊರಿಗೇ ಕಳಿಸುತ್ತಾರೆ, 1960ರ ದಶಕದ ತುರ್ಕರು ಮಾಡಿದ್ದನ್ನೇ ಮಾಡುತ್ತಾರೆ. 2015ರಲ್ಲಿ ಅರ್ಮೇನಿಯ ಯುರೇಷಿಯನ್ ಆರ್ಥಿಕ ಒಕ್ಕೂಟ ಸೇರಿದ ಮೇಲೆ ರಷ್ಯಾದಲ್ಲಿ ಅವರಿಗೆ ಕೆಲಸದ ಪರವಾನಗಿ ಬೇಕಿಲ್ಲ.

ಹೆಂಗಸರಲ್ಲಿ ಕೆಲವರು ಇಸ್ತಾಂಬುಲ್‌ನ ಹಾದಿ ಹಿಡಿದರು. ಕುಮ್‌ಕಾಪಿ ಬಡಾವಣೆಯ ಬಾಡಿಗೆ ಕೋಣೆಗಳಲ್ಲಿದ್ದು ತುರ್ಕರ ಮನೆಗಳಲ್ಲಿ ಕಸಮುಸುರೆ, ಮಕ್ಕಳ ಮತ್ತು ವೃದ್ಧರ ಆರೈಕೆ ಮಾಡುತ್ತಾರೆ. ಅವರಲ್ಲಿ ಬಹಳಷ್ಟು ಜನರ ಬಳಿ ವಾಸದ ಕಾಗದಪತ್ರಗಳಿಲ್ಲ. ಅರ್ಮೇನಿಯನ್ ನರಮೇಧದ ಕುರಿತು ವಿದೇಶಿ ಸಂಸತ್ತುಗಳು ನಿರ್ಣಯ ತೆಗೆದುಕೊಂಡಾಗ, 2010ರ ಮಾರ್ಚ್‌ನಲ್ಲಿ, ಟರ್ಕಿಯ ಆಗಿನ ಪ್ರಧಾನಿ ಎರ್ದೊಗಾನ್ ಒಂದು ಲಕ್ಷ ಅರ್ಮೇನಿಯನ್ನರನ್ನು ಹೊರಹಾಕಬೇಕಾದೀತು ಎಂದರು. ಸಂಶೋಧಕರ ಅಂದಾಜಿನಲ್ಲಿ ಅವರ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಗಡಿ ಮುಚ್ಚಿರುವುದರಿಂದ ಈ ಹೆಂಗಸರು ಜಾರ್ಜಿಯಾ ಸುತ್ತಿ ಬಸ್ಸಿನಲ್ಲಿ ಬರಬೇಕು. ಆ ಖರ್ಚನ್ನು ಮನೆಗೆಲಸದ ಸಂಬಳದಿಂದಲೇ ತೀರಿಸುತ್ತಾರೆ.